ನಾಲ್ಕು ಬೆರಳೆತ್ತರದ ಅಂಚು

ಫುಟ್‌ಪಾತಿಗೆ ಅಂಚು ಬೇಕು ಎಂದವನು ನಾನು, ಹುಟ್ಟುಕುರುಡ. ಬೇಡವೇ ಬೇಡ ಎಂದವಳು ಗಾಲಿಕುರ್ಚಿಯ ಅರಾಸೆಲಿ. ಕಾಲಿ ಎಂಬ ನಗರದ ನಮ್ಮ ಬೀದಿಯ ಈ ಬದಿ ನಾನು ಲಾಟರಿ ಚೀಟಿ ಮಾರುತ್ತೇನೆ. ಅವಳ ಮನೆಯೂ ಈ ಬದಿಯಲ್ಲೇ. ದಿನಾ ಬೆಳಿಗ್ಗೆ ತೊಡೆಯ ಮೇಲೆ ಅನಾನಸು ಹಾಕಿದ ಚಂಪೂಸ್ ಪಾನಕದ ಪಾತ್ರೆ ಇಟ್ಟುಕೊಂಡು ರಸ್ತೆ ದಾಟಿ, ಆ ಬದಿಯಲ್ಲಿ ಮಾರಲು ಕೂರುತ್ತಾಳೆ. ನಮ್ಮದು ಮೊದಲಿಂದಲೂ ಎಣ್ಣೆ ಸೀಗೇಕಾಯಿ ಸಂಬಂಧ.

ಚರ್ಚಿನ ಸಭಾಂಗಣಕ್ಕೆ ನಗರಸಭೆಯ ಎಂಜಿನಿಯರ್ ರೆಂತೆರಿಯಾ ಹೊಸ ಬೀದಿಯ ರಟ್ಟಿನ ಮಾದರಿ ಹೊತ್ತು ತಂದ. ನಡೆಯುವವರು, ಸೈಕಲ್ಲಿನವರು, ಬಸ್ಸಿನವರು, ಎಲ್ಲರಿಗೂ ಒಂದೇ ಮಟ್ಟದ ಬೀದಿ ಎಂದು ಮಾತಿಗೆ ತುಪ್ಪ ಸವರಿದ. ನಾನು ಮಾದರಿಯ ಮೇಲೆ ಕೈಯಾಡಿಸಿದೆ. ಅಂಗೈಯಷ್ಟು ನುಣುಪು.

"ಫುಟ್‌ಪಾತ್ ಎಲ್ಲಿಗೆ ಮುಗೀತು?" ಎಂದೆ.

"ಅಲ್ಲಿ ಬಣ್ಣ ಬೇರೆ ಹಾಕಿದೀವಿ, ಡೊನ್ ಎವೆಲಿಯೊ."

ಸಭೆ ಘೊಳ್ಳೆಂದಿತು. ನನಗೆ ಮೈಯೆಲ್ಲ ಉರಿಯಿತು. ಕೋಲಿಗೆ ಅಂಚು ತಾಕಿದರೆ ಮಾತ್ರ ಮುಂದೆ ಬಸ್ಸು ಓಡುತ್ತದೆ ಎಂದು ನನಗೆ ಗೊತ್ತಾಗುವುದು.

ಅರಾಸೆಲಿ ಬಾಯಿ ತೆಗೆದಳು. "ಇವನ ಕೋಲಿಗೋಸ್ಕರ ನಾನು ದಿನಾ ನಾಲ್ಕು ಜನದ ಕಾಲು ಹಿಡೀಬೇಕಾ? ಈ ಕುರ್ಚಿಗೆ ಬಿದ್ದ ಏಳು ವರ್ಷದಿಂದ ಆ ಅಂಚಿನ ಮೇಲೆ ಮೂಟೆ ಎತ್ತಿದ ಹಾಗೆ ಎತ್ತಿಸ್ಕೊಂಡಿದೀನಿ. ಸಾಕು."

"ನಿನ್ನನ್ನ ಎತ್ತೋಕೆ ಜನ ಸಿಗ್ತಾರೆ ಕಣೇ. ನನ್ನನ್ನ ಬಸ್ಸಿನಡಿಯಿಂದ ಎತ್ತೋಕೆ ಸಲಿಕೆ ಬೇಕಾಗುತ್ತೆ."

"ಸಲಿಕೆ ನಾನೇ ಕೊಡಿಸ್ತೀನಿ, ತಗೋ!"

ಎಂಜಿನಿಯರ್ ಕೈ ಎತ್ತಿಸಿ ಮತ ಎಣಿಸಿದ. ಸೋತೆ ಎಂದು ಪಕ್ಕದವರು ಹೇಳಿದರು. ಯಾರ್ಯಾರು ಕೈ ಎತ್ತಿದರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆ ಬೀದಿಯಲ್ಲಿ ಯಾರ ಹತ್ತಿರವೂ ಮಾತಾಡಲಾಗುತ್ತಿರಲಿಲ್ಲ.

ಕೆಲಸ ಮುಗಿದ ಮೂರನೇ ದಿನವೇ ನಾನು ನೆಟ್ಟಗೆ ನಡುರಸ್ತೆಗೆ ನಡೆದುಬಿಟ್ಟೆ. ಬೈಕೊಂದು ತೋಳು ಸವರಿಕೊಂಡು ಹೋಯಿತು, ಚೀಟಿಗಳೆಲ್ಲ ಚೆಲ್ಲಿದವು. "ಎಡಕ್ಕೆ ಬಾರೋ ಕುರುಡಾ, ಎಡಕ್ಕೆ!" ಎಂದು ಅರಾಸೆಲಿ ಅರಚಿದಳು. ಅವಳಿಂದ ಬದುಕಿದೆನಲ್ಲ ಎಂದು ಇನ್ನಷ್ಟು ಹೊಟ್ಟೆ ಉರಿಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಬಸ್ಸಿನ ವೇಗದ ದೂರಿಗೆ ನಗರಸಭೆಯವರು ಕಿವುಡಾದರೆ ಓಣಿಯವರೇ ಒಂದು ಭಾನುವಾರ ಸಿಮೆಂಟು ಕಲಸಿ ರಸ್ತೆಗೆ ಅಡ್ಡ ಉಬ್ಬು ಕಟ್ಟಿಬಿಡುತ್ತೇವೆ. ಅದಕ್ಕೆ ಮಲಗಿದ ಪೊಲೀಸ್ ಎಂದು ಹೆಸರು. ಮುಂದಿನ ಭಾನುವಾರ ನಾನೂ ಗಾರೆ ಕೆಲಸದ ಗೆಳೆಯ ಪೊಂಪಿಲಿಯೊನನ್ನು ಕರೆದು, ನನ್ನ ಬದಿಯಲ್ಲಿ ಮೂವತ್ತು ಹೆಜ್ಜೆ ಉದ್ದಕ್ಕೆ ನಾಲ್ಕು ಬೆರಳೆತ್ತರದ ಅಂಚು ಕಟ್ಟಿಸಿದೆ.

ಅವನು ಕೇಳಿದ್ದ: "ಅರಾಸೆಲಿ ದಾಟೋ ಜಾಗ ಒಂದಿಷ್ಟು ಬಿಡೋಣ್ವಾ?"

ಬೇಡ ಎಂದೆ. ನಾನೇ ಅಂದದ್ದು.

ಸೋಮವಾರ ಬೆಳಿಗ್ಗೆ ಪಾತ್ರೆ ಉರುಳಿದ ಸದ್ದು ಕೇಳಿತು. ಆಮೇಲೆ ನೆಲದ ತುಂಬಾ ಅನಾನಸಿನ ವಾಸನೆ. ತೊಡೆಯ ಮೇಲಿನ ಪಾತ್ರೆಯ ಮರೆಯಲ್ಲಿ ಅಂಚು ಕಾಣದೆ ಮುಂದಿನ ಗಾಲಿ ಬಡಿದು, ಅರಾಸೆಲಿ ಮುಖ ಅಡಿಯಾಗಿ ಬಿದ್ದಿದ್ದಳು. ಮಣಿಕಟ್ಟೂ ಮುರಿದಿತ್ತೆಂದು ಆಮೇಲೆ ಗೊತ್ತಾಯಿತು. ಓಡಿ ಹೋಗಿ ಕೈ ಚಾಚಿದೆ.

"ಮುಟ್ಟಬೇಡ," ಎಂದಳು. ಅಷ್ಟೇ. ಇಪ್ಪತ್ತು ವರ್ಷ ಬಿಡದೆ ಬೈದ ಬಾಯಿ ಒಂದು ಬೈಗುಳವನ್ನೂ ಆಡಲಿಲ್ಲ. ನನಗೆ ಭಯವಾಯಿತು.

ಪೊಂಪಿಲಿಯೊನ ಸುತ್ತಿಗೆ ತಂದು ಅಂಚನ್ನು ನಾನೇ ಒಡೆದೆ, ಎರಡು ದಿನ. ಅವನು ಯಂತ್ರ ತರುತ್ತೇನೆ ಎಂದ, ಒಪ್ಪಲಿಲ್ಲ. ಸಿಮೆಂಟು ಪೂರ್ತಿ ಬಿಡಲಿಲ್ಲ. ಅಂಗೈ ಅಗಲದ ಒರಟು ಪಟ್ಟಿಯೊಂದು ನೆಲಕ್ಕೆ ಕಚ್ಚಿಕೊಂಡು ಉಳಿಯಿತು. ಅದರ ಮೇಲೆ ಕೋಲು ಎಳೆದರೆ ಕರಕರ ಎನ್ನುತ್ತಿತ್ತು; ಫುಟ್‌ಪಾತ್ ಎಲ್ಲಿಗೆ ಮುಗಿಯಿತೆಂದು ತಿಳಿಯಲು ನನಗೆ ಅಷ್ಟು ಸಾಕಿತ್ತು.

ತಿಂಗಳ ಮೇಲೆ ಅರಾಸೆಲಿಯನ್ನು ಅವಳ ತಂಗಿ ತಳ್ಳಿಕೊಂಡು ಬಂದಳು. ಗಾಲಿ ಪಟ್ಟಿಯನ್ನು ದಾಟಿತು. ಹಿಂದಕ್ಕೆ ಬಂತು. ಮತ್ತೆ ದಾಟಿತು.

"ಈ ದರಿದ್ರದ ಮೇಲೆ ಹಲ್ಲೆಲ್ಲ ಅಲ್ಲಾಡುತ್ತೆ," ಎಂದು ತಂಗಿಗೆ ಹೇಳಿದಳು. ನನಗಲ್ಲ.

ಅದೇ ವಾರ ರೆಂತೆರಿಯಾ ನೆಲ ಉಜ್ಜುವ ಯಂತ್ರದೊಡನೆ ಬಂದ. ಪಟ್ಟಿ ಅಳಿಸಿ ಬೀದಿಯನ್ನು ಮೊದಲಿನ ನುಣುಪಿಗೆ ತರುತ್ತಾನಂತೆ. ನಾನು ಪಟ್ಟಿಯ ಮೇಲೆ ನಿಂತೆ. ಅವನ ಆಳುಗಳು ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಯಂತ್ರ ಗುರ್ರೆಂದಿತು.

ಅಷ್ಟರಲ್ಲಿ ರಬ್ಬರು ಗಾಲಿ ಉರುಳಿ ಬಂದು ನನ್ನ ಪಕ್ಕದಲ್ಲೇ, ಪಟ್ಟಿಯ ಮೇಲೆ ನಿಂತಿತು. ಬ್ರೇಕು ಕಟ್ಟೆಂದಿತು.

"ಡೊನ್ಯಾ ಅರಾಸೆಲಿ, ಪಟ್ಟಿ ಬಿಟ್ಟು ಸರೀರಿ. ನಿಮಗೋಸ್ಕರವೇ ಅಳಿಸ್ತಿರೋದು."

"ನನ್ನನ್ನ ಕೇಳಿದ್ಯಾ?"

"ನಿಮ್ಮನ್ನ ಬೀಳಿಸಿದ್ದು ಇವರೇ ಅಲ್ವಾ?"

"ಹೌದು, ಇವನೇ. ಸಾಯೋವರೆಗೂ ಬಿಡೋದಿಲ್ಲ ಇವನನ್ನ," ಎಂದಳು. "ಅದಕ್ಕೇ ಹೇಳ್ತಿರೋದು. ನೀನು ಇದನ್ನ ಅಳಿಸು, ನಾಳೆ ಇವನು ಬಸ್ಸಿಗೆ ಸಿಕ್ಕಿ ಸಾಯಲಿ. ಆಮೇಲೆ ನನ್ನ ಮುರಿದ ಕೈಗೆ ಲೆಕ್ಕ ಹೇಳೋರು ಯಾರು, ನೀನಾ?"

ಯಂತ್ರ ನಿಂತಿತು. ನಾನು ಅವಳ ಕಡೆ ತಿರುಗಿದೆ.

"ಅರಾಸೆಲಿ, ಅವತ್ತು ದಾರಿ ಬಿಡೋಣ್ವಾ ಅಂತ ಪೊಂಪಿಲಿಯೊ ಕೇಳಿದ್ದ. ಬೇಡ ಅಂದೋನು ನಾನು."

"ಗೊತ್ತು. ಅವನೇ ಹೇಳಿದ," ಎಂದಳು. "ನಿನ್ನ ಜೊತೆ ನನಗೆ ಮಾತಿಲ್ಲ. ಆ ತುದಿಗೆ ಹೋಗಿ ನಿಲ್ಲು. ಮೂವತ್ತು ಹೆಜ್ಜೆಗೂ ನಾನೊಬ್ಬಳೇ ಅಡ್ಡ ಕೂರೋಕಾಗುತ್ತಾ?"

ಕೋಲಿನಿಂದ ಪಟ್ಟಿ ಹಿಡಿದುಕೊಂಡು ಆ ತುದಿಗೆ ಹೋಗಿ ನಿಂತೆ.