ಇಬ್ಬರ ರೇಟು

ದೊಡ್ಡ ಮೇಸ್ತ್ರಿ ಬದುಕಿದ್ದಾಗ ಆ ಶೆಡ್ಡಿನಲ್ಲಿ ರೇಟು ಹೇಳುವುದೇ ಒಂದು ಫಜೀತಿಯಾಗಿತ್ತು. ಕುದುರೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಯಾವ ಕಾಲಿನ ಲಾಳ ಸವೆದಿದೆ, ಯಾವ ಗೊರಸು ಒಳಗೆ ಬಾಗಿದೆ ಎಂದು ಅವನು ಕೂತಲ್ಲಿಂದಲೇ ಹೇಳುತ್ತಿದ್ದ. ಅದಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರೆ ಮಾತ್ರ ನಾಲಿಗೆ ಅಂಟಿಕೊಳ್ಳುತ್ತಿತ್ತು. ಗಂಟಲು ಸರಿಮಾಡಿಕೊಂಡು ಏನೋ ಒಂದು ಹೇಳುವನು. ಕುದುರೆಯವನು ಮುಖ ಸಪ್ಪಗೆ ಮಾಡಿದ ಕೂಡಲೇ, “ಆಯ್ತು ಬಿಡಿ, ಏನೋ ಕೊಡಿ” ಎಂದು ಸುತ್ತಿಗೆ ಎತ್ತಿಕೊಳ್ಳುವನು.

ಕೊನೆಗೆ ಆ ಮಾತೇ ಅವನ ಜೀವ ತೆಗೆಯಿತು.

ಗಾಬರಿಯ ಕುದುರೆ ಬಂದರೆ ಲಾಳ ಕಟ್ಟಲು ಇಬ್ಬರು ಬೇಕು. ಒಬ್ಬರು ತಲೆಯ ಹತ್ತಿರ ನಿಂತು ಅದನ್ನು ಸಮಾಧಾನಪಡಿಸುತ್ತಿರಬೇಕು, ಇನ್ನೊಬ್ಬರು ಕಾಲು ಹಿಡಿಯಬೇಕು. ಅಂಥ ಕುದುರೆಗೆ ಹೇಳುವ ರೇಟಿನಲ್ಲಿ ಎರಡನೆಯವರ ಕೂಲಿಯೂ ಸೇರಿರುತ್ತದೆ. ಒಬ್ಬ ಕುದುರೆ ವ್ಯಾಪಾರಿ ಕಂದು ಬಣ್ಣದ ಹೆಣ್ಣು ಕುದುರೆ ತಂದು, “ಇದು ಹಸು ಇದ್ದ ಹಾಗೆ ಮೇಸ್ತ್ರಿ, ಇದಕ್ಕೆ ಇಬ್ಬರ ರೇಟು ಯಾಕೆ?” ಎಂದು ಎಳೆದಾಡಿದ. ದೊಡ್ಡ ಮೇಸ್ತ್ರಿ ಏನೋ ಕೊಡಿ ಎಂದ. ಎರಡನೆಯವನಿಗೆ ಕೂಲಿ ಇಲ್ಲದ ಮೇಲೆ ಜೊತೆಗೆ ಕೆಲಸ ಮಾಡುತ್ತಿದ್ದ ತಮ್ಮನನ್ನು ಸುಮ್ಮನೆ ನಿಲ್ಲಿಸಿಕೊಳ್ಳುವುದೇಕೆ ಎಂದು ಊರಿನ ಆ ಕಡೆಯ ಲಾಯಕ್ಕೆ ಬೇರೆ ಕೆಲಸಕ್ಕೆ ಕಳಿಸಿದ. ತಮ್ಮ ವಾಪಸು ಬಂದಾಗ ಅತ್ತಿಗೆ ಶೆಡ್ಡಿನ ನೆಲದ ಮೇಲೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕುದುರೆ ಗೋಡೆಯ ಕಬ್ಬಿಣದ ಬಳೆಗೆ ಕಟ್ಟಿದ ಹಗ್ಗದಲ್ಲಿ ಶಾಂತವಾಗಿ ನಿಂತಿತ್ತು. ಮೂರು ಕಾಲಿಗೆ ಲಾಳ ಆಗಿತ್ತು.

ಅಲ್ಲಿಂದ ಮುಂದೆ ರೇಟು ಹೇಳುವ ಕೆಲಸ ಅತ್ತಿಗೆ ತಗೊಂಡಳು. ಬೆಳಿಗ್ಗೆ ಗೇಟಿನ ಪಕ್ಕ ಬೆಂಚು ಹಾಕಿಕೊಂಡು ಕೂರುವಳು. ಕುದುರೆಯನ್ನು ಒಂದು ಸುತ್ತು ನಡೆಸಿ ನೋಡಿ, ಗೊರಸು ಕತ್ತರಿಸುವುದಕ್ಕೆ ಇಷ್ಟು, ಲಾಳಕ್ಕೆ ಇಷ್ಟು, ಇದು ಒದೆಯೋ ಜಾತಿ, ಹಾಗಾಗಿ ಎರಡನೆಯವರಿಗೆ ಇಷ್ಟು ಎಂದು ಬಿಡಿಸಿ ಹೇಳುವಳು. ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ. ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಗೇಟು ಅಲ್ಲೇ ಇದೆ. “ಅಮ್ಮನ ಮುಂದೆ ಕುದುರೆಯೇ ವಾಸಿ, ಒದೆಯೋಕೆ ಮುಂಚೆ ಕಿವಿ ಹಿಂದಕ್ಕೆ ಮಾಡಿ ತಿಳಿಸುತ್ತೆ” ಎಂದು ಒಬ್ಬ ಗಾಡಿಯವನು ನಗೆಯಾಡಿದ. ತಾನು ಎಲ್ಲಿ ನಿಂತು ಏನು ಹೇಳಿದೆ ಎಂದು ಹೊಳೆದಾಗ ಅವನ ಮುಖ ಕಪ್ಪಿಟ್ಟಿತು. ಅತ್ತಿಗೆ ಕೇಳಿಸಲೇ ಇಲ್ಲವೆಂಬಂತೆ ಇನ್ನೊಂದು ಸಲ ರೇಟು ಹೇಳಿದಳು.

ತಮ್ಮನನ್ನು ಎಲ್ಲರೂ ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು. ಅವನಿಗೊಂದು ಕಷ್ಟವಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಗೇಟಿನಲ್ಲಿ ಯಾರಾದರೂ ಚೌಕಾಸಿಗೆ ಇಳಿದರೆ ಶೆಡ್ಡಿನ ಒಳಗೆ, ಕುಲುಮೆಯ ಆಚೆಯ ಮೂಲೆಯಲ್ಲಿ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, ಸೋತ ದನಿಯಲ್ಲಿ, “ಆಯ್ತು ಬಿಡಿ, ಏನೋ ಕೊಡಿ” ಎನ್ನುತ್ತಿದ್ದರು.

ಮೊದಲ ಸಲ ಅವನು ಇಕ್ಕಳವನ್ನು ಹಿಡಿದುಕೊಂಡೇ ಮೂಲೆಗೆ ಓಡಿದ. ಇದ್ದಿಲಿನ ಚೀಲ, ಮೊಳೆಗೆ ತೂಗುಹಾಕಿದ ಹಳೆಯ ಲಾಳಗಳು, ಅಣ್ಣ ಕೆಲಸಕ್ಕೆ ಕಟ್ಟಿಕೊಳ್ಳುತ್ತಿದ್ದ ಚರ್ಮದ ಏಪ್ರನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಕಿವಿಯಲ್ಲೇನೋ ದೋಷವೆಂದು ಎಣ್ಣೆ ಬಿಟ್ಟುಕೊಂಡು ನೋಡಿದ. ಏನೂ ಪ್ರಯೋಜನವಾಗಲಿಲ್ಲ. ಅತ್ತಿಗೆಗೆ ಹೇಳಿದರೆ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾಳೆ, ಇಲ್ಲವೇ ಅಳುತ್ತಾಳೆ. ಎರಡೂ ಅವನಿಗೆ ಬೇಕಿರಲಿಲ್ಲ. ಹೊರಗೆ ಚೌಕಾಸಿ ಶುರುವಾದಾಗಲೆಲ್ಲ, ಆ ದನಿ ಕೇಳಿಸದಿರಲಿ ಎಂದು, ಕಬ್ಬಿಣ ಬಡಿಯುವ ಬರಿಯ ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿಯುತ್ತ ನಿಲ್ಲುವುದನ್ನು ರೂಢಿ ಮಾಡಿಕೊಂಡ.

ಒಂದು ದಿನ ಅತ್ತಿಗೆ ಶೆಡ್ಡಿನ ಪಕ್ಕದ ಮನೆಯೊಳಗೆ ಬಟ್ಟೆ ಒಗೆಯುತ್ತಿದ್ದಾಗ ಒಬ್ಬ ಹೆಂಗಸು ಕುದುರೆ ಹಿಡಿದುಕೊಂಡು ಗೇಟಿಗೆ ಬಂದಳು. ಮಕ್ಕಳಿಗೆ ಸವಾರಿ ಕಲಿಸುವ ಟೀಚರ್ ತಾನು, ಇದನ್ನು ಕೊಂಡು ಹೆಚ್ಚು ದಿನವಾಗಿಲ್ಲ ಎಂದಳು. ಚಿಕ್ಕ ಮೇಸ್ತ್ರಿ ಎಂದಿನಂತೆ ಮೊದಲು ಕಾಲು ನೋಡಿದ. ಎಡ ಹಿಂಗಾಲಿನ ಗೊರಸು ಸ್ವಲ್ಪ ಒಳಕ್ಕೆ ತಿರುಗಿತ್ತು, ಅದರ ಹೊರಅಂಚಿನಲ್ಲಿ ಹಳೆಯದೊಂದು ಬಿರುಕು. ಕುದುರೆಯ ಮುಖ ಅವನಿಗೆ ಮರೆತೇ ಹೋಗಿತ್ತು. ಅಂದು ಲಾಳ ಆಗದೆ ಉಳಿದಿದ್ದ ಆ ಗೊರಸು ಮಾತ್ರ ಮರೆತಿರಲಿಲ್ಲ.

“ಎಷ್ಟಾಗುತ್ತೆ ಮೇಸ್ತ್ರಿ?”

ಅವನು ಮಾಮೂಲಿ ರೇಟಿನ ಮೂರು ಪಟ್ಟು ಹೇಳಿದ. ಹೊರಟುಹೋಗಲಿ ಎಂದೇ ಹೇಳಿದ.

ಟೀಚರ್ ಸಿಟ್ಟಾಗಲಿಲ್ಲ. ಬೇಸತ್ತವಳ ಹಾಗೆ ಕುದುರೆಯ ಕತ್ತು ಸವರಿದಳು. “ನೀವೂ ಹಾಗೇ ಹೇಳ್ತೀರಲ್ಲ. ಊರಲ್ಲಿ ಲಾಳ ಕಟ್ಟೋರ ಹತ್ರ ಎಲ್ಲ ಹೋಗಿ ಬಂದೆ. ನನ್ನ ಬೇರೆ ಕುದುರೆಗಳಿಗೆ ಸರಿಯಾದ ರೇಟು ಹೇಳೋರು ಇದನ್ನ ನೋಡಿದ ತಕ್ಷಣ ಬಾಯಿಗೆ ಬಂದಷ್ಟು ಹೇಳ್ತಾರೆ. ಯಾಕೆ ಅಂದ್ರೆ ಕಬ್ಬಿಣ ತುಟ್ಟಿ ಅಂತಾರೆ. ಇದಕ್ಕೊಂದಕ್ಕೇ ತುಟ್ಟಿನಾ?”

“ರೇಟು ಏರಿದೆ ಮೇಡಂ.”

“ಸ್ವಲ್ಪ ನೋಡಿ ಹೇಳಿ.”

ಶೆಡ್ಡಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಚಿಕ್ಕ ಮೇಸ್ತ್ರಿಯ ಕೈಯಲ್ಲಿ ಆ ಹೊತ್ತಿಗೆ ಸುತ್ತಿಗೆ ಇರಲಿಲ್ಲ. ಕುದುರೆ ತಲೆ ಎತ್ತಿತು. ಅದರ ಎರಡೂ ಕಿವಿ ಕುಲುಮೆಯ ಮೂಲೆಯ ಕಡೆ ತಿರುಗಿ ನೆಟ್ಟಗಾದವು.

“ಆಯ್ತು ಬಿಡಿ. ಏನೋ ಕೊಡಿ.”

ಟೀಚರ್ ಮುಖ ಅರಳಿತು. ಅವಳು ಅವನ ಭುಜದಾಚೆ ಶೆಡ್ಡಿನೊಳಗೆ ಇಣುಕಿದಳು. “ಒಳಗಿರೋರು ಒಪ್ಪಿಕೊಂಡ್ರಲ್ಲ. ದೊಡ್ಡವರಾ ಅವರು?”

ಅವನು ಗೇಟಿನ ಕಂಬ ಹಿಡಿದುಕೊಂಡ. ಇಷ್ಟು ದಿನ ತನ್ನ ತಲೆಯೊಳಗಿದೆ ಎಂದು ಅಂದುಕೊಂಡದ್ದು ಈಗ ಹೊರಗೆ ಬಂದು ನಿಂತಿತ್ತು.

ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಮನೆಯಿಂದ ಹೊರಗೆ ಬಂದಳು. ಕುದುರೆಯನ್ನು ನೋಡಿದವಳು ಇದ್ದಲ್ಲೇ ನಿಂತಳು. ಅವಳಿಗೆ ಗೊರಸು ನೋಡುವ ಅಗತ್ಯವಿರಲಿಲ್ಲ. ಆಮೇಲೆ ಮೈದುನನ ಕಡೆ ತಿರುಗಿದಳು.

“ಎಷ್ಟು ಹೇಳ್ದೆ?”

ಹೇಳಿದ.

“ಯಾಕೆ ಅಷ್ಟು?”

“ಹೋಗ್ಲಿ ಅಂತ, ಅತ್ತಿಗೆ.”

“ಎಲ್ಲಿಗೆ ಹೋಗ್ಲಿ? ಇನ್ನೆಲ್ಲೋ ಒಬ್ಬ ಪಾಪದೋನು ಕಮ್ಮಿಗೆ ಒಪ್ಪಿಕೊಂಡು ಒಬ್ಬನೇ ಇದರ ಹಿಂದೆ ಕೂತ್ಕೊಳ್ಳಲಿ ಅಂತಾನಾ?”

ಅತ್ತಿಗೆ ಟೀಚರನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ದನಿ ಏರಿಸಲಿಲ್ಲ, ಅಳಲಿಲ್ಲ. ಈ ಕುದುರೆ ಇದೇ ಶೆಡ್ಡಿನಲ್ಲಿ ತನ್ನ ಗಂಡನನ್ನು ಒದ್ದು ಕೊಂದಿತೆಂದೂ, ಊರಿನ ಮೇಸ್ತ್ರಿಗಳಿಗೆಲ್ಲ ಅದು ಗೊತ್ತಿದೆಯೆಂದೂ, ಬಾಯಿಬಿಟ್ಟು ಹೇಳಲಾರದೆ ರೇಟು ಏರಿಸಿ ಕಳಿಸುತ್ತಿದ್ದಾರೆಂದೂ ಹೇಳಿದಳು.

ಟೀಚರ್ ಮುಖ ಬಿಳಿಚಿಕೊಂಡಿತು. “ಮಕ್ಕಳನ್ನ ಕೂರಿಸ್ತಿದ್ದೀನಲ್ಲ ಅಮ್ಮ ಇದರ ಮೇಲೆ. ಇವತ್ತೇ ಮಾರಿಬಿಡ್ತೀನಿ.”

“ಮಾರಿದ್ರೆ ಕೊಂಡುಕೊಳ್ಳೋರಿಗೆ ಯಾರು ಹೇಳ್ತಾರೆ? ಅವರೂ ನಿಮ್ಮ ಹಾಗೇ ಅಲೀತಾರೆ. ಬೆನ್ನ ಮೇಲೆ ಕೂತ್ರೆ ಇದು ಏನೂ ಮಾಡಲ್ಲ. ಆ ಎಡ ಹಿಂಗಾಲು ಮುಟ್ಟಿದ್ರೆ ಮಾತ್ರ ಜೀವ ಹೋದಂಗೆ ಹೆದರುತ್ತೆ. ಮಕ್ಕಳು ಹಿಂದುಗಡೆ ಸುಳಿಯದ ಹಾಗೆ ನೋಡಿಕೊಳ್ಳಿ. ವಿಷಯ ಗೊತ್ತಿರೋ ನಿಮ್ಮ ಹತ್ರಾನೇ ಇರಲಿ.”

ಆಮೇಲೆ ಎದ್ದು ನಿಂತು ಎಂದಿನಂತೆ ಗಟ್ಟಿಯಾಗಿ ರೇಟು ಹೇಳಿದಳು. ಗೊರಸು ಕತ್ತರಿಸುವುದಕ್ಕೆ, ಲಾಳಕ್ಕೆ, ಎರಡನೆಯವರಿಗೆ. ಬೇರೆ ಗಾಬರಿಯ ಕುದುರೆಗೆ ಎಷ್ಟೋ ಅಷ್ಟೇ. “ನಮ್ಮ ಭಯಕ್ಕೂ ಸೇರಿಸಿ ನಿಮ್ಮ ಹತ್ರ ತಗೊಳ್ಳಲ್ಲ. ಆದ್ರೆ ಇಬ್ಬರ ರೇಟು ಇಬ್ಬರ ರೇಟೇ.”

“ಎರಡನೆಯವರು ಯಾರು?” ಎಂದಳು ಟೀಚರ್.

“ನಾನು.”

ಚಿಕ್ಕ ಮೇಸ್ತ್ರಿ ಬೇಡ ಎನ್ನಲು ಬಾಯಿ ತೆರೆದ. ಅತ್ತಿಗೆ ಅಷ್ಟರಲ್ಲಿ ಹಗ್ಗ ಹಿಡಿದು ಕುದುರೆಯನ್ನು ಒಳಗೆ ನಡೆಸಿದ್ದಳು. ಗಂಡ ಹೋದ ದಿನದಿಂದ ಅವಳು ಗೇಟು ದಾಟಿ ಶೆಡ್ಡಿಗೆ ಕಾಲಿಟ್ಟಿರಲಿಲ್ಲ.

ಮುಂಗಾಲುಗಳು ಸುಲಭವಾಗಿ ಮುಗಿದವು. ಬಲ ಹಿಂಗಾಲಿಗೂ ಕುದುರೆ ತಕರಾರು ಮಾಡಲಿಲ್ಲ. ಎಡಗಾಲಿಗೆ ಕೈ ಹಾಕುತ್ತಲೇ ಅದರ ಇಡೀ ಮೈ ಅದುರತೊಡಗಿತು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಮೊಳೆ ಹೊಡೆಯುವಾಗ ಆ ನಡುಕ ಅವನ ತೊಡೆಗೂ ಇಳಿಯಿತು. ಶೆಡ್ಡು ಒಮ್ಮೆಲೇ ತಣ್ಣಗಾದಂತೆ ಅನ್ನಿಸಿತು, ಕುಲುಮೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿದ್ದರೂ. ಹೊರಗೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಆದರೂ ಮೂಲೆಯಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ಆ ದನಿ, ಮೊದಲಿಗಿಂತ ಹತ್ತಿರದಲ್ಲಿ, ಅವನ ಬೆನ್ನ ಹಿಂದೆಯೇ.

“ಆಯ್ತು ಬಿಡಿ…”

“ರೀ, ಸುಮ್ಮನಿರಿ,” ಎಂದಳು ಅತ್ತಿಗೆ. ಅವಳು ಕುದುರೆಯ ಹಣೆಗೆ ಹಣೆ ಒತ್ತಿ ನಿಂತಿದ್ದಳು, ಕಣ್ಣು ಮುಚ್ಚಿತ್ತು. “ರೇಟು ಮಾತಾಡಿ ಆಗಿದೆ. ಅವರು ಒಪ್ಪಿದ್ದಾರೆ. ನಾವು ಇಬ್ಬರಿದ್ದೀವಿ. ನೀವು ಇನ್ನೇನೂ ಬಿಟ್ಟುಕೊಡಬೇಕಾಗಿಲ್ಲ.”

ಒಳಗಿದ್ದ ಮಗುವಿಗೋ ಊಟಕ್ಕೆ ಕೂತ ಗಂಡನಿಗೋ ಹೇಳುವಷ್ಟು ಸಲೀಸಾಗಿ ಹೇಳಿದಳು. ಚಿಕ್ಕ ಮೇಸ್ತ್ರಿ ಮೊಳೆ ಹೊಡೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡಲು ತನ್ನಿಂದ ಆಗದು ಎಂದು ಅವನಿಗೆ ಗೊತ್ತಿತ್ತು. ಕೊನೆಯ ಮೊಳೆ ಮಡಿಸಿ ಕಾಲು ಕೆಳಗಿಟ್ಟಾಗ ಕುದುರೆ ಉದ್ದಕ್ಕೆ ಉಸಿರು ಬಿಟ್ಟಿತು.

ಅತ್ತಿಗೆ ಹೇಳಿದಷ್ಟನ್ನು ಟೀಚರ್ ಕೊಟ್ಟು, ಒಳಗಿನ ದೊಡ್ಡವರ ಬಗ್ಗೆ ಏನನ್ನೂ ಕೇಳದೆ ಹೋದಳು. ಅವಳು ಬೀದಿಯ ತಿರುವು ದಾಟಿದ ಮೇಲೆ ಚಿಕ್ಕ ಮೇಸ್ತ್ರಿ ಕೇಳಿದ, “ನಿಮಗೂ ಕೇಳಿಸುತ್ತಾ ಅತ್ತಿಗೆ?”

“ಮೊದಲಿಂದಲೂ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಕೆಲಸ ಬಿಟ್ಟು ಓಡಿಹೋಗ್ತಿದ್ದೆ. ನಾನ್ಯಾಕೆ ಅಷ್ಟು ಗಟ್ಟಿಯಾಗಿ ರೇಟು ಹೇಳ್ತೀನಿ ಅಂದುಕೊಂಡಿದ್ದೆ? ಬೀದಿಯೋರಿಗೆ ಕಿವಿ ಮಂದಾನಾ?”

ಅವನಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು.

ಟೀಚರ್ ಈಗಲೂ ಲಾಳ ಸವೆದಾಗಲೆಲ್ಲ ಆ ಕುದುರೆಯನ್ನು ಇಲ್ಲಿಗೇ ತರುತ್ತಾಳೆ. ರೇಟು ಈಗ ಚಿಕ್ಕ ಮೇಸ್ತ್ರಿಯೇ ಹೇಳುತ್ತಾನೆ. ಗಾಬರಿಯ ಕುದುರೆಯಾದರೆ ಇಬ್ಬರ ಕೂಲಿ ಯಾಕೆ ಎಂದು ಕಾರಣವನ್ನೂ ಹೇಳುತ್ತಾನೆ, ಅಣ್ಣನ ಹೆಸರು ಹಿಡಿದೇ ಹೇಳುತ್ತಾನೆ. ಬೇರೆ ದಿನಗಳಲ್ಲಿ ಚೌಕಾಸಿ ನಡೆದರೆ ಮೂಲೆಯ ದನಿ ಬರುವುದು ಬಂದೇ ಬರುತ್ತದೆ. ಕಂದು ಕುದುರೆ ಬಂದ ದಿನ ಮಾತ್ರ ಬರುವುದಿಲ್ಲ. ಅತ್ತಿಗೆ ಅದರ ತಲೆ ಹಿಡಿದು ನಿಂತಿರುತ್ತಾಳೆ, ಅವನು ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿಗೆ ಅರ ತಿಕ್ಕುತ್ತಿರುತ್ತಾನೆ. ಒಮ್ಮೊಮ್ಮೆ ಅವನ ಕೈ ತಾನಾಗಿಯೇ ನಿಲ್ಲುತ್ತದೆ. ಮೂವರೂ ಮೂಲೆಯ ಕಡೆ ಕಿವಿಗೊಡುತ್ತಾರೆ, ಕುದುರೆಯೂ ಸೇರಿ.

“ಕೆಲಸ ನೋಡು,” ಎನ್ನುತ್ತಾಳೆ ಅತ್ತಿಗೆ.