ಕರೆಂಟಿಗೆ ಮುಂಚೆ ಕುಡಿಯುವ ನೀರು

ಆ ದಿನವೂ ಬೀದರ ಆಸ್ಪತ್ರೆಯ ಮಶೀನಿನ ಕೋಣೆಯಿಂದ ನಮ್ಮ ಮನೆಯವರನ್ನು ವಾಪಸು ಕಳಿಸಿದರು. ಕರೆಂಟ್ ಕೊಡುವ ಹುಡುಗಿ ವಿಶಾಖಾ ಬಾಗಿಲಿಗೆ ಬಂದು ನನ್ನನ್ನೇ ಕರೆದಳು.

"ಕಾಕೂ, ಕಾಕಾ ನೀರು ಕುಡೀಲತ್ತಾರೋ ಇಲ್ಲೋ? ಫೋಟೋದಾಗ ಮೂತ್ರದ ಚೀಲ ಖಾಲಿ ಕಾಣ್ತದ. ತುಂಬಿದ್ರ ಅದು ಮ್ಯಾಲ ಸರಿತದ. ಖಾಲಿ ಇದ್ರ ಕರೆಂಟು ಅದಕ್ಕೇ ಬಡೀತದ್ರಿ."

"ತುಂಬಿದ ಬಾಟ್ಲಿ ಒಯ್ತಾರ, ಖಾಲಿ ಮಾಡಿ ತರ್ತಾರವ್ವಾ," ಅಂದೆ. ಅವಳ ಹಿಂದೆ ನಿಂತಿದ್ದ ಇವರೂ ಹೌದೆಂದು ತಲೆಯಾಡಿಸಿದರು.

"ಹಂಗಾದ್ರ ಮತ್ತ ಕುಡೀರಿ. ಒಂದು ತಾಸು ಬಿಟ್ಟು ನೋಡೋಣ್ರಿ."

ನಮ್ಮ ಮನೆಯವರು, ಪಂಢರಿ, ಭಾಲ್ಕಿ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ, ಹೈದರಾಬಾದಿನಲ್ಲಿ ಆಪರೇಷನ್ ಮಾಡಿ ಆ ಗಂಟನ್ನೇ ತೆಗೆದರು. ಎಲ್ಲ ಮುಗಿಯಿತೆಂದು ಸಾಯಗಾಂವದ ಬುದ್ಧ ವಿಹಾರದಲ್ಲಿ ಖೀರು ಹಂಚಿ ಬಂದೆ. ಎಲ್ಲಿ ಮುಗಿಯಿತು? ಕೆಲವು ತಿಂಗಳಿಗೆ ರಕ್ತದ ರಿಪೋರ್ಟು ಮತ್ತೆ ಏರಿತು. ಒಳಗೆ ಉಳಿದದ್ದನ್ನು ಸುಡಲು ರೇಡಿಯೇಷನ್ ಬೇಕೆಂದರು, ನಮ್ಮ ಕಡೆ ಅದಕ್ಕೆ ಕರೆಂಟ್ ಅಂತಾರೆ. ಅಂದಿನಿಂದ ದಿನಾ ಭಾಲ್ಕಿಯಿಂದ ಬೀದರಿಗೆ ಬಸ್ಸಿನಲ್ಲಿ ಓಡಾಟ. ಪೂರ್ತಿ ತೆಗೆದುಕೊಂಡರೆ ಒಳ್ಳೆಯ ಭರವಸೆ ಇದೆ, ನಡುವೆ ಬಿಟ್ಟರೆ ತಮ್ಮ ಕೈಲಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದ್ದರು. ನನಗೆ ಬೇರೇನೂ ಬೇಡ. ಈ ಮನುಷ್ಯ ಉಳಿದರೆ ಸಾಕು.

ಇವರು ಬಾಟ್ಲಿ ತುಂಬಿಕೊಂಡು ಹೊರಗೆ ಹೋದರು. ಯಾಕೋ ಸಂಶಯ ಬಂದು ನಾನೂ ಹಿಂದೆಯೇ ಹೋದೆ. ನೋಡಿದರೆ ಸೈಕಲ್ ಸ್ಟ್ಯಾಂಡಿನ ಆಚೆ ನಿಂತು ಬೇವಿನ ಗಿಡದ ಬುಡಕ್ಕೆ ನೀರು ಸುರಿಯುತ್ತಿದ್ದಾರೆ. ನನ್ನ ಮೈಯೆಲ್ಲ ಉರಿದುಹೋಯಿತು.

"ಏನ್ರಿ ಇದು? ಕ್ಯಾನ್ಸರ್ ಗಿಡಕ್ಕ ಆಗ್ಯಾದೇನ್ರಿ?"

ಬಾಟ್ಲಿ ಕೆಳಗಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟರು.

"ತಡಿಯಲ್ಲ ಶಾಲೂ," ಅಂದರು. "ಆಪರೇಷನ್ ಆದಾಗಿಂದ ತಡಿಯಲ್ಲ. ಸೋಮವಾರ ಆ ಮೇಜು ಹತ್ತುವಾಗ ಎಲ್ಲಾ ಆಗಿಹೋಯ್ತು. ಆ ಹುಡುಗಿ ನಮ್ಮ ಮಗಳ ವಯಸ್ಸಿನಾಕಿ. ಬಟ್ಟಿ ತಂದು ತಾನೇ ಒರಸಿದ್ಳು. ಏನೂ ಅನ್ಲಿಲ್ಲ. ಅಂದಿದ್ರ ಛಲೋ ಇತ್ತು. ನಾ ಇನ್ನ ಇಲ್ಲಿ ಬರಂಗಿಲ್ಲ. ಸತ್ರ ಸಾಯ್ತೇನಿ. ಒಣಾ ಪ್ಯಾಂಟಿನಾಗ ಸಾಯ್ತೇನಿ."

ನಗು ಬಂತು. ನಗುತ್ತಲೇ ಅಳುವೂ ಬಂತು, ಆಮೇಲೆ ಮತ್ತೆ ಸಿಟ್ಟು. ಇಷ್ಟಕ್ಕೇ ನನ್ನನ್ನು ಬಿಟ್ಟು ಹೋಗುವ ಮನುಷ್ಯನೇ ಇವನು, ಅನ್ನಿಸಿತು. ಪಕ್ಕದಲ್ಲಿ ಕೂತೆ.

"ಕೈಲಾಶ ಹುಟ್ಟಿದಾಗಿಂದ ನಂದೂ ಹಂಗೇ ಅದ್ರಿ," ಅಂದೆ.

"ಏನ್ ಹಂಗೇ ಅದ?"

"ಕೆಮ್ಮಿದ್ರ, ನಕ್ರ, ಕೊಡ ಎತ್ತಿದ್ರ ತಡಿಯಲ್ಲ. ಹಳೀ ಸೀರಿ ಹರದು ಮಡಚಿ ಇಟ್ಕೋತೇನಿ."

"ಕೈಲಾಶಗ ಈಗ ಮಕ್ಕಳವ. ಇಷ್ಟು ವರ್ಷ ನನಗ್ಯಾಕ ಹೇಳ್ಲಿಲ್ಲ?"

"ನೀವು ಯಾವಾಗ ಕೇಳಿದ್ರಿ?"

ಹೆಂಗಸರ ನಡುವೆ ಇದೇನು ಹೊಸ ಸುದ್ದಿಯೇ? ನಳದ ಹತ್ತಿರ ನಾವು ನಾಲ್ಕು ಮಂದಿ ಸೇರಿದರೆ ಇದನ್ನೇ ಹೇಳಿಕೊಂಡು ನಗುತ್ತೇವೆ, ನಗುತ್ತಲೇ ಮತ್ತೆ ಒದ್ದೆಯಾಗುತ್ತೇವೆ. ಗಂಡಸರಿಗೆ ಬಂದಾಗ ಮಾತ್ರ ಇದು ಮಾನ ಹೋಗುವ ವಿಷಯ. ನನ್ನ ಬಾಯಿಗೆ ತಡೆಯೆಂಬುದಿಲ್ಲ. ಶುರುವಾದ ಮೇಲೆ ಒಳಗಿದ್ದ ಇನ್ನೊಂದು ಮಾತೂ ಹೊರಗೆ ಬಂತು. ಒಮ್ಮೆ ಇವರದೇ ಬಸ್ಸಿನಲ್ಲಿ ನನ್ನ ತವರೂರು ಎಕಂಬಾಕ್ಕೆ ಹೋಗುತ್ತಿದ್ದೆ. ಔರಾದ ದಾಟಿದ ಮೇಲೆ ತಾಳಲಾರದೆ, ಒಂದು ಗಳಿಗೆ ಬಸ್ಸು ನಿಲ್ಲಿಸಿರಿ ಎಂದು ಇವರ ಕಿವಿಯಲ್ಲಿ ಹೇಳಿದ್ದೆ. ಕಂಡಕ್ಟರು ಹೆಂಡತಿಗಾಗಿ ಬಸ್ಸು ನಿಲ್ಲಿಸಿದ ಅಂತ ಜನ ಆಡಿಕೊಂಡಾರು ಎಂಬ ಹೆದರಿಕೆ ಇವರಿಗೆ. ಇಲ್ಲಿ ಸ್ಟಾಪ್ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮುಂದಿನ ಸೀಟಿಗೆ ಹೋದರು. ಆ ದಿನವನ್ನು ನೆನಪಿಸಿದೆ.

"ನೀರಿನ ಕ್ಯಾನ್ ಚೆಲ್ತು ಅಂದಿದ್ದಿ," ಅಂದರು ಮೆಲ್ಲಗೆ.

"ಕ್ಯಾನ್ ಎಲ್ಲಿತ್ರಿ?"

ಇವರು ನನ್ನ ಕಡೆ ನೋಡಲಿಲ್ಲ. ಎದ್ದು ನಳಕ್ಕೆ ಹೋಗಿ ಬಾಟ್ಲಿ ತುಂಬಿಸಿಕೊಂಡು ಬಂದು, ನನ್ನ ಮುಂದೆಯೇ ಕೊನೆಯ ಹನಿಯವರೆಗೂ ಕುಡಿದರು. ಮತ್ತೊಮ್ಮೆ ತುಂಬಿಸಿದಾಗ ಜೊತೆಗಿರಲೆಂದು ನಾನೂ ಅರ್ಧ ಕುಡಿದೆ. ವಿಶಾಖಾ ಹೆಸರು ಕೂಗಿದಳು. ಒಳಗೆ ಹೋದವರು ಹೊರಬಂದಾಗ ಪ್ಯಾಂಟಿನ ಮುಂಭಾಗ ಸ್ವಲ್ಪ ಒದ್ದೆಯಾಗಿತ್ತು. ಅಂಗಿ ಎಳೆದು ಮುಚ್ಚಿಕೊಂಡಿರಲಿಲ್ಲ.

"ಕರೆಂಟ್ ಕೊಟ್ರು," ಅಂದರು. "ನಾಳಿ ಇಷ್ಟೇ ಕುಡೀರಿ ಕಾಕಾ ಅಂದ್ಳು."

ಬೇಡ ಬೇಡವೆಂದರೂ ನನ್ನ ಕಣ್ಣು ತುಂಬಿತು.

ಭಾಲ್ಕಿಯ ಬಸ್ಸು ಗಿಜಿಗಿಜಿ ಅನ್ನುತ್ತಿತ್ತು. ಗಾಂಧಿ ಗಂಜದಲ್ಲಿ ಮಾಲು ಮಾರಿ ಬಂದವರು ಖಾಲಿ ಚೀಲ ಮಡಚಿ ಕಾಲಡಿ ಹಾಕಿಕೊಂಡಿದ್ದರು. ಊರು ದಾಟಿ ಸುಮಾರು ದೂರ ಬಂದ ಮೇಲೆ ನಾನು ಕುಡಿದ ನೀರು ತನ್ನ ಕೆಲಸ ಶುರುಮಾಡಿತು. ಇನ್ನೂ ಅರ್ಧ ದಾರಿ ಇತ್ತು. ಹಲ್ಲು ಕಚ್ಚಿ ಕಿಟಕಿಯ ಕಡೆ ಮುಖ ಮಾಡಿದೆ. ಹೇಳಿ ಏನು ಪ್ರಯೋಜನ?

ಇವರು ನನ್ನ ಮುಖ ನೋಡಿದರು, ಒತ್ತಿಹಿಡಿದ ಮೊಣಕಾಲು ನೋಡಿದರು. ಕಂಬಿ ಹಿಡಿದು ಎದ್ದು ನಿಂತರು.

"ಗಾಡಿ ನಿಲ್ಲಸ್ರಿ."

"ಇಲ್ಲಿ ಸ್ಟಾಪ್ ಇಲ್ರಿ ಕಾಕಾ," ಅಂದ ಕಂಡಕ್ಟರ್.

"ಗೊತ್ತದ. ನನಗ ಮೂತ್ರ ತಡಿಯಲ್ಲ. ಕ್ಯಾನ್ಸರ್ ಆಪರೇಷನ್ ಆಗ್ಯಾದ. ನಿಲ್ಲಸ್ರಿ."

ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಮುಂದಿದ್ದವರು ತಿರುಗಿ ಇವರ ಪ್ಯಾಂಟು ನೋಡಿದರು. ಇವರು ಹಾಗೇ ನಿಂತಿದ್ದರು. ಕಂಡಕ್ಟರ್ ಸೀಟಿ ಊದಿದ, ಬಸ್ಸು ನಿಂತಿತು.

ಮೊದಲು ತಾವು ಇಳಿದು, ಬಾಗಿಲಲ್ಲಿ ನನಗೆ ಕೈ ಚಾಚಿದರು. "ಇಳಿ ಶಾಲೂ." ಎತ್ತರಕ್ಕೆ ಬೆಳೆದ ತೊಗರಿಯ ಹಿಂದೆ ನನ್ನನ್ನು ಕಳಿಸಿ, ತಾವು ಬದುವಿನ ಮೇಲೆ ನನಗೆ ಬೆನ್ನು ಮಾಡಿ, ಬಸ್ಸಿಗೆ ಮುಖ ಮಾಡಿ ನಿಂತರು.

"ಅವಸರ ಮಾಡಬ್ಯಾಡ," ಅಂದರು. "ಗಾಡಿ ನಿಂತದ."