ಎಮ್ಮಿಗನೂರಿನಲ್ಲಿ ಅಮೆರಿಕದ ಕರೆಂಟು

ಕಂಪ್ಲಿಯಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಹುಲುಗೇಶನಿಗೆ ಯಾವ ಯಂತ್ರ ಕಂಡರೂ ಬಿಚ್ಚಿ ನೋಡುವ ಚಟ. ಹಾಡು ಹುಡುಕಿಕೊಂಡು ಅಮೆರಿಕದಿಂದ ಬಂದ ಮಾರ್ಥಾಳ ಹಳೇ ರೆಕಾರ್ಡರ್ ಅವನಿಗೆ ಸವಾಲೇ ಆಯಿತು. ಅದರ ಬ್ಯಾಟರಿ ಸತ್ತಿತ್ತು. ಅಡಾಪ್ಟರ್ ಕೇಳುವುದು ಬರೀ ನೂರಿಪ್ಪತ್ತು ವೋಲ್ಟು, ನಮ್ಮ ಕರೆಂಟು ಇನ್ನೂರಮೂವತ್ತು.

ಎಮ್ಮಿಗನೂರಿನ ಅವನ ಅಜ್ಜಿ ಮುದುಕಮ್ಮನಿಗೆ ನಾಟಿ ಹಾಡು ಬರುವುದು ಕೈಯಲ್ಲಿ ಸಸಿ ಇದ್ದಾಗ ಮಾತ್ರ. ಕುಂತರೆ ಒಂದು ಸಾಲೂ ನೆನಪಾಗದು. ಇವತ್ತು ಗದ್ದೆಯ ಕಡೇ ಮಡಿಯ ನಾಟಿ, ನಾಳೆ ಮಾರ್ಥಾ ಹೊರಡುತ್ತಾಳೆ. ಹುಲುಗೇಶನಿಗೆ ತೀರಿಹೋದ ತಾಯಿಯ ದನಿ ಮರೆತೇಹೋಗಿತ್ತು. ಅಜ್ಜಿಯೂ ಅವಳೂ ಸೇರಿ ಹಾಡುತ್ತಿದ್ದ ಈ ಹಾಡಾದರೂ ಉಳಿಯಲಿ ಎಂಬ ಆಸೆ.

ಪಂಪ್ ಶೆಡ್ಡಿನಲ್ಲಿ ಮೀಟರ್ ಹಚ್ಚಿದವನು ಕುಣಿದಾಡಿಬಿಟ್ಟ. ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೇ ಕರೆಂಟು ಎಳೆದು ವೋಲ್ಟೇಜು ನೂರಿಪ್ಪತ್ತಕ್ಕೆ ಕುಸಿದಿತ್ತು.

"ಮೇಡಂ, ನಿಮ್ಮ ದೇಶದ ಕರೆಂಟು ನಮ್ಮ ಹೊಲದಾಗೇ ಐತಿ ನೋಡ್ರಿ!"

ಅಡಾಪ್ಟರ್ ಸಿಕ್ಕಿಸಿದ. ಕೆಂಪು ದೀಪ ಹತ್ತಿತು. ಉದ್ದನೆಯ ವೈರು ಬದುವಿನ ತನಕ ಬಂತು.

ಮುದುಕಮ್ಮನಿಗೆ ಮಾತ್ರ ಅತಿಥಿಯ ಮೇಲೆ ಕನಿಕರ ಉಕ್ಕಿತು. ಬದುವಿನ ಮೇಲೆ ನಿಂತು ಪಕ್ಕದ ಹೊಲದವನನ್ನು ಕೂಗಿದಳು: "ಲೇ ಮಾರೆಪ್ಪಾ! ಎಲ್ಲರೂ ಮೋಟ್ರು ಬಂದ್ ಮಾಡ್ರಲೇ. ದೂರದಿಂದ ಬಂದಾಕಿಗೆ ಚೊಲೋ ಕರೆಂಟು ಸಿಗ್ಲಿ."

ಅಜ್ಜಿಯ ಮಾತು ಯಾರು ಮೀರುತ್ತಾರೆ? ಮೋಟರುಗಳು ಒಂದೊಂದಾಗಿ ನಿಂತವು. ವೋಲ್ಟೇಜು ಜಿಗಿಯಿತು. ಅಡಾಪ್ಟರ್ ಹೊಗೆಯಾಡಿ ಸತ್ತಿತು.

ಮಾರ್ಥಾ ತಲೆ ಹಿಡಿದು ಕೂತಳು. ಹುಲುಗೇಶನಿಗೆ ಅಳುವೇ ಬಂದಿತ್ತು. ಆದರೂ ಚಟ ಬಿಡಲಿಲ್ಲ. ಸುಟ್ಟ ಅಡಾಪ್ಟರನ್ನು ತಿರುಗಿಸಿ ಓದಿದ. ಒಳಗೆ ಹೋಗುವುದು ನೂರಿಪ್ಪತ್ತು, ಹೊರಗೆ ಬರುವುದು ಹನ್ನೆರಡು!

"ಥೂ ನನ್ನ! ಇಷ್ಟಕ್ಕ ನನ್ನ ಬೈಕ್ ಬ್ಯಾಟ್ರಿ ಸಾಕಿತ್ತಲ್ರಿ!"

ಅಡಾಪ್ಟರಿನ ವೈರು ಕತ್ತರಿಸಿ ಬ್ಯಾಟರಿಗೆ ಸುತ್ತಿ, ಎರಡೂ ತುದಿ ಬೆರಳಲ್ಲಿ ಒತ್ತಿ ಹಿಡಿದು ನಿಂತ. ರೆಕಾರ್ಡರ್ ಹತ್ತಿತು. ಮುದುಕಮ್ಮ ಕೆಸರಿಗಿಳಿದು ಬಾಗಿದಳು, ಸಸಿ ಊರುತ್ತ ಒಂದು ಸಾಲು ಹಾಡಿದಳು. ಆಮೇಲೆ ಸುಮ್ಮನಾದಳು. ಕೈ ಮಾತ್ರ ನಾಟಿ ಮಾಡುತ್ತಲೇ ಇತ್ತು. ಒಂದು ಸಾಲಿನಷ್ಟು ಹೊತ್ತು ಕಳೆದ ಮೇಲೆ ಮುಂದಿನದನ್ನು ಎತ್ತಿಕೊಂಡಳು, ಮತ್ತೆ ಸುಮ್ಮನಾದಳು.

ಅಜ್ಜಿಗೆ ಸಾಲು ಮರೆಯಿತೇನೋ ಎಂದು ಮಾರ್ಥಾ ಗಾಬರಿಯಿಂದ ರೆಕಾರ್ಡರ್ ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದಳು.

"ಬ್ಯಾಡ್ರಿ, ನಡೀಲಿ," ಎಂದ ಹುಲುಗೇಶ. ವೈರಿನ ತುದಿ ಬಿಡಲಿಲ್ಲ. "ಆ ಸಾಲು ನಮ್ಮವ್ವಂದು."